ಓಮಾ ಮತ್ತು ನಮ್ಮ ಮನೆಯ ಕಿಟಕಿಗಳು

ಆ ಶನಿವಾರದ ಬೆಳಗೂ ಎಲ್ಲ ಬೆಳಗಿನಂತೆಯೇ ಶುರುವಾಯಿತು. ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟತೊಟ ಇಳಿಯುತ್ತಿತ್ತು. ನಮ್ಮವರು ಕಂಬಳಿ ಹೊದ್ದು ಸೋಫಾದ ಮೂಲೆಯಲ್ಲಿ ಫೋನ್ ನೋಡುತ್ತಿದ್ದರು. ನಾನು ನೆನೆಸಿಟ್ಟ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಆಗ ಗೋಡೆಯಾಚೆ ‘ಧಡ್’ ಎಂದಿತು. ಮತ್ತೊಂದು ‘ಧಡ್’. ಕೆಳಗಿನಿಂದ ಮಹಡಿಯವರೆಗೆ, ಒಂದಾದ ಮೇಲೊಂದು.

“ತೆರೆದ್ರು,” ಎಂದು ನಮ್ಮವರು ಕಂಬಳಿಯನ್ನು ಗಂಟಲಿನವರೆಗೆ ಎಳೆದುಕೊಂಡರು. ತೆರೆದದ್ದು ಪಕ್ಕದ ಮನೆಯ ಕಿಟಕಿ; ಚಳಿಯಾಗುತ್ತಿದ್ದದ್ದು ಇವರಿಗೆ.

ವರ್ಜೀನಿಯಾದ ಹರ್ನ್‌ಡನ್ನಿನ ನಮ್ಮ ಬೀದಿಯಲ್ಲಿ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಎರಡು ಮನೆಗೆ ಗೋಡೆ ಒಂದೇ. ನಮ್ಮ ಗೋಡೆಯ ಇನ್ನೊಂದು ಪಾಲುದಾರರು ಓಮಾ. ಫೆಬ್ರವರಿ ತಿಂಗಳು, ಹುಲ್ಲಿನ ಮೇಲೆ ಮಂಜು ಗಾಜಿನಂತೆ ಗಟ್ಟಿಯಾಗಿ ಕೂತಿರುವಾಗ ಮನೆಯ ಕಿಟಕಿಗಳನ್ನೆಲ್ಲ ಹಾರುಹೊಡೆಯುವವರು ಎರಡೇ ಬಗೆಯ ಜನ: ತಲೆ ಕೆಟ್ಟವರು ಮತ್ತು ಜರ್ಮನರು. ಓಮಾ ಎರಡನೆಯ ಬಗೆ ಎಂಬುದು ನನ್ನ ಅಭಿಪ್ರಾಯ. ನಮ್ಮತ್ತೆಯ ಪ್ರಕಾರ ಎರಡೂ.

ಓಮಾ ಎಂದರೆ ಜರ್ಮನ್ನಿನಲ್ಲಿ ಅಜ್ಜಿ. ಮೊದಲು ಹಾಗೆ ಕರೆದವಳು ಈಗ ಹಾಸ್ಟೆಲಿನಲ್ಲಿರುವ ನನ್ನ ಮಗಳು, ಆಮೇಲೆ ನಾವೆಲ್ಲ. ನಮ್ಮತ್ತೆ ಮಾತ್ರ, “ಓಮ ಅಂದ್ರೆ ಅಜವಾನ ಅಲ್ವೇನೆ? ಸರಿಯಾಗೇ ಇಟ್ಟಿದ್ದಾರೆ. ಹೊಟ್ಟೆಗೆ ಒಳ್ಳೇದು, ಬಾಯಿಗಿಟ್ರೆ ಚುರುಕ್ ಅನ್ನತ್ತೆ,” ಎಂದಿದ್ದರು.

ಅವತ್ತು ಮಧ್ಯಾಹ್ನ ಓಮಾ ಅವರ ಮಗ ಜಾರ್ಜಿಯಾದ ಕಮ್ಮಿಂಗ್‌ನಿಂದ ಕಾರು ಹೊಡೆದುಕೊಂಡು ಬರುವವನಿದ್ದ, ತಾಯಿಯನ್ನು ಕರೆದುಕೊಂಡು ಹೋಗಲು. ತನ್ನ ಮನೆಯ ಹತ್ತಿರವೇ ವಯಸ್ಸಾದವರಿಗೆಂದು ಕಟ್ಟಿದ ದೊಡ್ಡ ಕಟ್ಟಡದ ಐದನೆಯ ಮಹಡಿಯಲ್ಲಿ ಅವರಿಗೊಂದು ಮನೆ ನೋಡಿದ್ದ. “ಒಂದು ತಿಂಗಳು ಇದ್ದು ನೋಡು,” ಎಂದು ಹೇಳಿದ್ದನಂತೆ. ಅಂಥ ಕಡೆ ಒಂದು ತಿಂಗಳಿಗೆ ಹೋದವರು ಯಾರಾದರೂ ವಾಪಸ್ಸು ಬಂದದ್ದುಂಟೆ? ಅವರನ್ನು ಒಪ್ಪಿಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಅದು ಹೇಗೆ ಬಿತ್ತೆಂದು ತಿಳಿಯಬೇಕಾದರೆ, ಓಮಾ ಒಮ್ಮೆ ಸತ್ತ ಕಥೆಯಿಂದ ಶುರುಮಾಡಬೇಕು.

ನಾವು ಈ ಮನೆಗೆ ಬಂದ ಮೊದಲ ಚಳಿಗಾಲ. ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಪಕ್ಕದ ಮನೆಯ ಕಿಟಕಿಗಳೆಲ್ಲ ಬಾಯಿ ಬಿಟ್ಟುಕೊಂಡಿವೆ. ಮಹಡಿಯ ಕಿಟಕಿಯಿಂದ ಹೊದಿಕೆ, ದಿಂಬು ಹೊರಗೆ ನೇತಾಡುತ್ತಿವೆ. ಹಾಸಿಗೆಯನ್ನು ಮುಂಬಾಗಿಲ ಮೆಟ್ಟಿಲಿಗೆ ಒರಗಿಸಿದೆ. ಒಳಗೆ ಸದ್ದಿಲ್ಲ. ಹಾಸಿಗೆ ದಿಂಬು ಬೀದಿಗೆ ಬಂದು, ಕಿಟಕಿ ಬಾಗಿಲು ತೆರೆದೇ ಇದ್ದರೆ ನಮ್ಮಲ್ಲಿ ಅದಕ್ಕೆ ಏನರ್ಥ? ನೀವೇ ಹೇಳಿ.

“ರೀ, ಪಕ್ಕದ ಮನೆ ಅಜ್ಜಿ ಹೋಗ್ಬಿಟ್ರು ಅನ್ಸತ್ತೆ.”

“ಆಂಬುಲೆನ್ಸ್ ಬಂದಿದ್ದೇ ಕಾಣ್ಲಿಲ್ವಲ್ಲೇ?”

“ನಾವು ಮಲಗಿದ್ದಾಗ ಬಂದಿರತ್ತೆ. ಹಾಸಿಗೆ ಹೊರಗಿದೆ ನೋಡಿ.”

ಇವರು ಇಣುಕಿ ನೋಡಿ, ಹಾಸಿಗೆಯೆದುರು ಒಂದು ಕ್ಷಣ ತಲೆ ಬಾಗಿಸಿದರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಅನ್ನ ಕೊಡಬೇಕು. ಅಮೆರಿಕವಾದರೇನು, ನೆರೆಹೊರೆ ನೆರೆಹೊರೆಯೇ. ನಾನು ಒಗ್ಗರಣೆಯಿಲ್ಲದ ಸಪ್ಪೆ ಸಾರು, ಅನ್ನ ಮಾಡಿದೆ. ಇವರು ಕಿತ್ತಳೆ ಬಣ್ಣದ ಟೀಶರ್ಟ್ ಕಳಚಿ ಬಿಳಿ ಅಂಗಿ ಹಾಕಿಕೊಂಡರು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿಕೊಟ್ಟಂತೆ ನಾನು ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ. ಬಾಗಿಲು ತೆರೆದವರು ಮೃತರೇ. ತೋಳಿಲ್ಲದ ಅಂಗಿ, ಸೇಬಿನಂಥ ಕೆನ್ನೆ, ಕೈಯಲ್ಲಿ ಕಂಬಳಿಯ ಧೂಳು ಬಡಿಯುವ ಬೆತ್ತ.

ನಮ್ಮವರು ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದ ಸಂತಾಪದ ಮಾತನ್ನು ತಡೆಯಲಾಗದೆ ಹೇಳಿಯೇಬಿಟ್ಟರು.

“ಯಾರು ಸತ್ತಿದ್ದು?” ಎಂದು ಓಮಾ ಕೇಳಿದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸುಳ್ಳು ಹೇಳಬಾರದೆಂದೂ ಸಿಸ್ಟರ್ ಕಲಿಸಿದ್ದರಲ್ಲ. “ನೀವು,” ಎಂದೆ.

ಓಮಾ ಬೆತ್ತ ಕೆಳಗಿಟ್ಟು ಪಾತ್ರೆಯ ಮುಚ್ಚಳ ಎತ್ತಿದರು. “ಓ. ಹಾಗಾದರೆ ಇದು ನನ್ನ ಉತ್ತರಕ್ರಿಯೆಯ ಊಟ. ಬನ್ನಿ ಒಳಗೆ, ಆರಿಹೋಗುತ್ತೆ.” ಅಲ್ಲೇ ಅಡಿಗೆಮನೆಯಲ್ಲಿ ನಿಂತು ಒಂದು ಚಮಚ ರುಚಿ ನೋಡಿ, “ಉಪ್ಪು ಸಾಲದು,” ಎಂದರು. ಸತ್ತವರು ಊಟಕ್ಕೆ ಹೆಸರಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎದುರು ಮನೆಯಲ್ಲಿ ಧಾರವಾಡದ ಇಂಜಿನಿಯರ್ ಒಬ್ಬರಿದ್ದಾರೆ. ನನ್ನನ್ನು ವೈನಿ ಎನ್ನುತ್ತಾರೆ. ಬೆಳಿಗ್ಗೆ ಸಂಜೆ ನಾಯಿ ತಿರುಗಿಸುವ ನೆಪದಲ್ಲಿ ಬೀದಿಯ ಸುದ್ದಿಯನ್ನೆಲ್ಲ ಮೂಸುವುದು ನಾಯಿಯೋ ಇವರೋ ಎಂಬ ಅನುಮಾನ ನನಗಿದೆ. ಸಂಜೆಯ ಹೊತ್ತಿಗೆ ಅವರಿಗೂ ಸುದ್ದಿ ಮುಟ್ಟಿತ್ತು. “ವೈನಿ, ಸತ್ತವ್ರಿಗೆ ಸಾರು ಕೊಟ್ಟೀರಂತ, ಎದ್ದು ಕೂತ್ರಂತ. ನಮ್ಮನೀಗೂ ಒಂದ್ ಡಬ್ಬಿ ಕಳಸ್ರಿ, ನಮ್ಮ ಮ್ಯಾನೇಜರ್‌ಗ ಕುಡಸ್ತೇನಿ.”

ಜರ್ಮನರು ದಿನಾ ಹೀಗೆ ಮನೆಯೊಳಗೆ ಗಾಳಿಯಾಡಿಸುತ್ತಾರೆಂದು ಆಮೇಲೆ ತಿಳಿಯಿತು. ಬಿಸಿಲಿರಲಿ, ಹಿಮವಿರಲಿ, ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು ಒಳಗಿನ ಹಳೆಯ ಗಾಳಿಯನ್ನು ಕತ್ತು ಹಿಡಿದು ಆಚೆ ದಬ್ಬುವುದು. ಹಾಸಿಗೆಗೂ ಅದೇ ಉಪಚಾರ. ಅವರ ಮನೆಗೆ ಏನಾದರೂ ಮಾಡಿಕೊಳ್ಳಲಿ. ಆದರೆ ಸ್ವಲ್ಪ ಸಲುಗೆ ಬೆಳೆಯುತ್ತಿದ್ದಂತೆ ಓಮಾ ನಮ್ಮ ಮನೆಗೂ ಬಂದು ಅದನ್ನೇ ಮಾಡತೊಡಗಿದರು. “ಗುಡ್ ಮಾರ್ನಿಂಗ್” ಎಂದು ಒಳಗೆ ಬರುವುದು, ನೇರ ಮುಂದಿನ ಕಿಟಕಿಗೆ, ಅಲ್ಲಿಂದ ಹಿಂದಿನ ಕಿಟಕಿಗೆ, ಆಮೇಲೆ ಕುರ್ಚಿಗೆ. ಇದೆಲ್ಲ ನನ್ನ ಮೆಣಸಿನಕಾಯಿ ಒಗ್ಗರಣೆಯ ಘಾಟಿಗೇ ಇರಬೇಕೆಂದು ನಾನು ಒಳಗೊಳಗೇ ಕುಗ್ಗಿಹೋಗುತ್ತಿದ್ದೆ. ಹೇಳುವುದು ಹೇಗೆ? ದೊಡ್ಡವರಿಗೆ ಎದುರಾಡಬಾರದು. ಅದೂ ಸಿಸ್ಟರ್ ಕಲಿಸಿದ್ದೇ.

ನಮ್ಮತ್ತೆ ಕಾನ್ವೆಂಟಿನಲ್ಲಿ ಓದಿದವರಲ್ಲ. ಆ ಜನವರಿಯಲ್ಲಿ ಅವರು ಮೈಸೂರಿನಿಂದ ಬಂದಿಳಿದದ್ದೇ ಮಂಕಿ ಕ್ಯಾಪು, ಎರಡು ಶಾಲು, ಕಿವಿಗೆ ಹತ್ತಿಯೊಡನೆ. ಓಮಾ ಬಂದು ಕಿಟಕಿ ತೆರೆದರು. ಅತ್ತೆ ಎದ್ದು ಮುಚ್ಚಿದರು. ಓಮಾ ಮುಗುಳ್ನಕ್ಕು ಮತ್ತೆ ತೆರೆದರು. ಅತ್ತೆ ಮುಗುಳ್ನಗದೆ ಮತ್ತೆ ಮುಚ್ಚಿದರು. ಒಬ್ಬರದು ಇಂಗ್ಲಿಷ್, ಒಬ್ಬರದು ಕನ್ನಡ, ಜಗಳಕ್ಕೆ ಅದರಿಂದ ಯಾವ ಅಡ್ಡಿಯೂ ಆಗಲಿಲ್ಲ.

“ಶೀತ ಆಗತ್ತೆ ಕಣಮ್ಮ, ಎದೆಗೆ ಇಳಿಯತ್ತೆ.”

“ಚಳಿ ಯಾರನ್ನೂ ಕೊಲ್ಲಲ್ಲ. ಕೆಟ್ಟ ಗಾಳಿ ಕೊಲ್ಲುತ್ತೆ.”

“ಏನಂತೆ ಅವಳು?”

“ನಿಮ್ಮ ಶಾಲು ಚೆನ್ನಾಗಿದೆ ಅಂತಿದ್ದಾರೆ ಅತ್ತೆ.”

“ಹಾಗೆ ಕಣ್ಣು ಬಿಟ್ಕೊಂಡು ಹೇಳ್ತಾರೇನೆ ಅದನ್ನ?”

ಮಾರ್ಚಿನಲ್ಲಿ ಕೊರೊನಾ ಬಂತು. ವಿಮಾನಗಳು ನಿಂತವು. ಆರು ತಿಂಗಳಿಗೆಂದು ಬಂದ ಅತ್ತೆ ಇಲ್ಲೇ ಸಿಕ್ಕಿಕೊಂಡರು. ಆಗ ನೋಡಿ, ಇಡೀ ಜಗತ್ತೇ ಒಂದು ಮಾತು ಹೇಳತೊಡಗಿತು: ಕಿಟಕಿ ತೆರೆಯಿರಿ. ಟಿವಿಯಲ್ಲಿ ಡಾಕ್ಟರು ಹೇಳಿದರು, ವಾಟ್ಸಾಪಿನಲ್ಲಿ ಅತ್ತೆಯ ತಂಗಿ ಹೇಳಿದರು. ಓಮಾ ಆ ದಿನಗಳಲ್ಲಿ ಚುನಾವಣೆ ಗೆದ್ದವರ ಹಾಗೆ ಬೀದಿಯಲ್ಲಿ ಓಡಾಡಿದರು. ಅತ್ತೆ ಒಂದು ಬೆಳಿಗ್ಗೆ ತಾವೇ ಎದ್ದು ಕಿಟಕಿ ತೆರೆದು, ನನ್ನ ಕಡೆ ತಿರುಗದೆ ಹೇಳಿದರು: “ಟಿವಿಯಲ್ಲಿ ಹೇಳಿದ್ರು ಅಂತ. ಅವಳು ಹೇಳಿದ್ದಕ್ಕಲ್ಲ.”

ಅತ್ತೆ ಮೈಸೂರಿಗೆ ವಾಪಸ್ಸಾಗುವವರೆಗೆ, ಆ ವರ್ಷವಿಡೀ ಇಬ್ಬರೂ ಆ ಕಿಟಕಿಯ ಆಚೆ ಈಚೆ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ, ಹೊರಗೆ ಓಮಾ ಹೆಣೆಯುತ್ತಾ. ನಡುವೆ ನಾನು ದುಭಾಷಿ. ಓಮಾ ತಮ್ಮ ಬದುಕನ್ನೆಲ್ಲ ಹೇಳಿದ್ದು ಆಗಲೇ. ಯುದ್ಧಕಾಲದ ಬಾಲ್ಯವೆಂದರೆ ಕೇಳುವವರು ಮುಖ ಗಂಭೀರ ಮಾಡಿಕೊಂಡು ಕೂರುತ್ತಾರಲ್ಲವೆ? ಓಮಾ ಅದಕ್ಕೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಅವರ ಯುದ್ಧವೊಂದು ಸರ್ಕಸ್ಸು. ಪೋಲೀಸರ ಕಣ್ಣು ತಪ್ಪಿಸಿ ಅಟ್ಟದ ಮೇಲೆ ಸಾಕಿದ ಮೇಕೆ ಅವರ ಅಜ್ಜನ ಟೋಪಿ ತಿಂದದ್ದು. ಬಾಂಬು ಬಿದ್ದ ಗುಂಡಿಯಲ್ಲಿ ಮಳೆನೀರು ತುಂಬಿಕೊಂಡಾಗ ಬೀದಿಯ ಮಕ್ಕಳೆಲ್ಲ ಅದರಲ್ಲೇ ಈಜು ಕಲಿತದ್ದು. ಅವರ ಅಕ್ಕ ಬಾಯಲ್ಲೇ ಸೈರನ್ ಊದಿ, ಬೀದಿಯವರೆಲ್ಲ ನೆಲಮಾಳಿಗೆಗೆ ಓಡಿದ ಮೇಲೆ, ಪಕ್ಕದ ಮನೆಯ ಒಲೆಯ ಮೇಲಿನ ಆಲೂಗೆಡ್ಡೆಯನ್ನು ಲಂಗದಲ್ಲಿ ಸುತ್ತಿಕೊಂಡು ಬಂದದ್ದು.

“ಕಿಲಾಡಿ ಹುಡುಗಿ,” ಎಂದು ಅತ್ತೆ ಮೆಚ್ಚಿದರು. “ನಮ್ಮ ದೊಡ್ಡಕ್ಕನೂ ಹೀಗೇ. ಆದ್ರೆ ಅವಳು ಕದೀತಿದ್ದಿದ್ದು ಕೊಬ್ಬರಿ.”

ಯುದ್ಧ ಮುಗಿದು ದೊಡ್ಡವರಾದ ಮೇಲೆ ಓಮಾ ಒಬ್ಬ ಅಮೆರಿಕನ್ ಸೈನಿಕನನ್ನು ಮದುವೆಯಾಗಿ ಉತ್ತರ ಕ್ಯಾರೊಲಿನಾಕ್ಕೆ ಬಂದರು. ಅಲ್ಲಿನ ಬಾಡಿಗೆ ಮನೆಯ ಕಿಟಕಿಗಳ ಮೇಲೆ ಯಾರೋ ಬಣ್ಣ ಬಳಿದು ಅವು ಚೌಕಟ್ಟಿಗೆ ಕಚ್ಚಿಕೊಂಡಿದ್ದವಂತೆ. ಹೊಸ ಮದುವಣಗಿತ್ತಿ ಮೊದಲ ದಿನ ಮಾಡಿದ ಕೆಲಸ ಅಡಿಗೆಮನೆಯ ಚಾಕುವಿನಿಂದ ಕಿಟಕಿ ಬಿಡಿಸಿದ್ದು. “ಸೊಳ್ಳೆ ಬರುತ್ತೆ,” ಎಂದನಂತೆ ಗಂಡ. “ಅದಕ್ಕೂ ಗಾಳಿ ಬೇಕು,” ಎಂದರಂತೆ ಇವರು. ಆಮೇಲೆ ವರ್ಜೀನಿಯಾಕ್ಕೆ ಬಂದು ನಿವೃತ್ತಿಯವರೆಗೂ ಶಾಲೆಯ ಬಸ್ಸು ಓಡಿಸಿದರು. ಮಕ್ಕಳು ಆ ಬಸ್ಸಿಗೆ ಫ್ರೀಜರ್ ಎಂದು ಹೆಸರಿಟ್ಟಿದ್ದರಂತೆ. ಬೇರೆ ಬಸ್ಸಿನ ಮಕ್ಕಳು ತೂಕಡಿಸುತ್ತಾ ಶಾಲೆಗೆ ಬಂದರೆ, ಇವರ ಬಸ್ಸಿನ ಮಕ್ಕಳು ಕಣ್ಣು ಅರಳಿಸಿಕೊಂಡೇ ಇಳಿಯುತ್ತಿದ್ದರು.

ನಿವೃತ್ತಿಯೆಂದರೆ ಕೂರುವುದು ಎಂದು ಅವರಿಗೆ ಯಾರೂ ಹೇಳಿಕೊಟ್ಟಂತಿಲ್ಲ. ಗಂಡ ತೀರಿಕೊಂಡ ಮೇಲೆ ದಿನಾ ಬೆಳಿಗ್ಗೆ ಈಜು. ಕೊಳದಲ್ಲಿ ಸೊಂಟದವರೆಗಿನ ನೀರಲ್ಲಿ ನಿಲ್ಲಿಸಿ ವ್ಯಾಯಾಮ ಹೇಳಿಕೊಡುವ ತರಗತಿ. “ಪಾಪ, ಮುದುಕರು,” ಎಂದು ಅವರು ಕನಿಕರಪಡುವ ಆ ವಿದ್ಯಾರ್ಥಿಗಳೆಲ್ಲ ಅವರಿಗಿಂತ ಕಿರಿಯರು. ಸಂಜೆ ಸೈಕಲ್. ನಮ್ಮವರು ವಾಚಿನಲ್ಲಿ ಹೆಜ್ಜೆ ನೋಡಿಕೊಳ್ಳುತ್ತಾ ನಡೆಯುವಾಗ ಹಿಂದಿನಿಂದ ಟ್ರಿಣ್ ಎಂದರೆ ಪಕ್ಕಕ್ಕೆ ಸರಿಯಬೇಕು. ಎಂಬತ್ತೈದು ದಾಟಿದ ಮಹಿಳೆ, “ಬೆನ್ನು ನೆಟ್ಟಗೆ!” ಎಂದು ಹೇಳಿ ಮುಂದೆ ಹೋಗುತ್ತಾರೆ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಮಾತ್ರ ‘ಧಡ್’ ಕೇಳಲಿಲ್ಲ. ಮೊದಲು ಗಮನಿಸಿದವರು ನಮ್ಮವರೇ. “ಏನೇ, ಇವತ್ತು ನನಗೆ ಚಳಿನೇ ಆಗ್ತಿಲ್ವಲ್ಲ,” ಎಂದರು. ಇಬ್ಬರೂ ಗೋಡೆಯ ಕಡೆ ನೋಡಿದೆವು. ಅವರು ಕೊಟ್ಟಿದ್ದ ಕೀಲಿ ಹಿಡಿದು ನಾನು ಚಪ್ಪಲಿಯಲ್ಲೇ ಓಡಿದೆ. ಓಮಾ ಅಡಿಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಕಿಟಕಿಯ ಮೇಲ್ಗಾಜು ಒರೆಸಲು ಸ್ಟೂಲು ಹತ್ತಿ ಜಾರಿದ್ದರು. ಮಣಿಕಟ್ಟು ಸೊಟ್ಟಗಾಗಿತ್ತು. ನನ್ನನ್ನು ಕಂಡವರೇ, “ಮೊದಲು ಕಿಟಕಿ ತೆಗೆ. ಆಮೇಲೆ ಫೋನ್ ಮಾಡು,” ಎಂದರು. ನಾನು ಹೇಳಿದಂತೆ ಕೇಳುವವಳು. ಆಂಬುಲೆನ್ಸಿನವರು ಬಂದಾಗ ಮನೆಯೊಳಗೂ ಹೊರಗೂ ಒಂದೇ ಹವಾಮಾನವಿತ್ತು. ಅವರಲ್ಲೊಬ್ಬ ನಡುಗುತ್ತಿದ್ದ ನನ್ನನ್ನೇ ರೋಗಿಯೆಂದು ತಿಳಿದು ಕಂಬಳಿ ಹೊದಿಸಿದ.

ಮಗ ಬೆದರಿದ್ದು ಆಗ. ಅರವತ್ತರ ಆಸುಪಾಸಿನ ಮೃದು ಮನುಷ್ಯ. ಜಾರ್ಜಿಯಾದಿಂದ ಫೋನ್ ಮಾಡಿ, “ಮುಂದಿನ ಸಲ ನೀವು ಊರಲ್ಲಿ ಇಲ್ಲದಿದ್ದರೆ?” ಎಂದು ಕೇಳಿದ.  “ಅಮ್ಮ ನನ್ನ ಮಾತು ಕೇಳಲ್ಲ. ನೀವು ಹೇಳಿ,” ಎಂದ. ಸಿಸ್ಟರುಗಳು ನನಗೆ ಕಲಿಸದೆ ಬಿಟ್ಟ ಒಂದೇ ಒಂದು ಪದವೆಂದರೆ ‘ಆಗಲ್ಲ’. ಹೇಳುತ್ತೇನೆಂದೆ. ಹೇಳುವುದೇ ಸರಿಯೆಂದೂ ನನಗೆ ಅನ್ನಿಸಿತ್ತು. ಆ ನೆಲದ ಮೇಲೆ ಅವರನ್ನು ಕಂಡವಳು ನಾನು ತಾನೆ?

ಹಾಗಾಗಿ ಆ ಶನಿವಾರ ತಾಯಿ ಮಗ ಇಬ್ಬರಿಗೂ ಊಟ ನಮ್ಮಲ್ಲಿ. ಹಿದುಕಿದ ಬೇಳೆ ಸಾರು, ಅನ್ನ. ಓಮಾ ಬಂದರು, ಮುಂದಿನ ಕಿಟಕಿ ತೆರೆದರು, ಹಿಂದಿನ ಕಿಟಕಿ ತೆರೆದರು, ಕೂತರು. ಮಗ ಜಾಕೆಟ್ಟಿನ ಜಿಪ್ ಮೇಲಕ್ಕೆಳೆದುಕೊಂಡ. ನಮ್ಮವರು ಸಾರಿನ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಕಾಯಿಸಿಕೊಂಡರು.

ಮಗ ಫೋನಿನಲ್ಲಿ ಚಿತ್ರ ತೋರಿಸಿದ. ನಾನು ನನ್ನ ಪಾಠ ಒಪ್ಪಿಸಿದೆ. “ನೋಡಿ ಓಮಾ, ಈಜುಕೊಳ ಕಟ್ಟಡದ ಒಳಗೇ ಇದೆ. ಮೆಟ್ಟಿಲೇ ಇಲ್ಲ. ಮಗನ ಮನೆ ಹತ್ತಿರ. ಇಲ್ಲಿಗಿಂತ ಚಳಿ ಕಡಿಮೆ.”

ಓಮಾ ಕನ್ನಡಕ ಏರಿಸಿಕೊಂಡು ಒಂದು ಚಿತ್ರವನ್ನು ಬಹಳ ಹೊತ್ತು ನೋಡಿದರು. ಗೋಡೆಯಗಲದ ಗಾಜು, ಅದರಾಚೆ ಪೈನ್ ಮರಗಳು.

“ಈ ಕಿಟಕಿ ತೆರೆಯುತ್ತಾ?”

“ಐದನೇ ಮಹಡಿ, ಮಾಮ್,” ಎಂದ ಮಗ. “ಸೇಫ್ಟಿಗೆ ಅಂತ ಯಾವುದೂ ತೆರೆಯಲ್ಲ. ಗಾಳಿ ಮೇಲಿಂದ ಬರುತ್ತೆ, ಫಿಲ್ಟರ್ ಆಗಿ.”

ನಮ್ಮವರಿಗೆ ತಾಂತ್ರಿಕ ವಿಷಯ ಬಂದರೆ ಸುಮ್ಮನಿರಲಾಗದು. “ಎಲ್ಲಾ ಆಟೊಮ್ಯಾಟಿಕ್, ಓಮಾ. ಸೆನ್ಸರ್ ಇರುತ್ತೆ. ಗಾಳಿ ಕೆಟ್ಟರೆ ಅದಕ್ಕೇ ಗೊತ್ತಾಗುತ್ತೆ.”

“ನಮಗೂ ಇತ್ತು ಸೆನ್ಸರ್,” ಎಂದರು ಓಮಾ. “ಮೇಣದ ಬತ್ತಿ.”

ತಮಾಷೆಯೆಂದು ತಿಳಿದು ನಾನು ನಗಲು ಸಿದ್ಧಳಾದೆ.

“ನೆಲಮಾಳಿಗೆಯಲ್ಲಿ ಮೂರು ಇಡುತ್ತಿದ್ದರು. ನೆಲದ ಮೇಲೆ ಒಂದು, ಕುರ್ಚಿಯ ಮೇಲೆ ಒಂದು, ತಲೆಯೆತ್ತರದಲ್ಲಿ ಒಂದು. ನೆಲದ ಬತ್ತಿ ಆರಿದರೆ ಕೆಟ್ಟ ಗಾಳಿ ಕೆಳಗಿನಿಂದ ಏರುತ್ತಿದೆ ಅಂತ, ಮಕ್ಕಳನ್ನು ಮೇಲೆತ್ತಿಕೊಳ್ಳಬೇಕು. ಒಂದು ರಾತ್ರಿ ಅದು ಆರಿತು. ಅಮ್ಮ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಳು. ಅಕ್ಕ ಮೇಜು ಹತ್ತಿ ನಿಂತಳು. ಕುರ್ಚಿಯದೂ ಆರಿತು. ಆಗ ಹೊರಗೆ ಏನಿದ್ದರೂ ಹೋಗಲೇಬೇಕು. ಹೋದೆವು.” ಸಾರಿಗೆ ಇನ್ನೊಂದು ಚೂರು ಉಪ್ಪು ಹಾಕಿಕೊಂಡರು. “ಪಕ್ಕದ ಮನೆಯವರು ಬರಲಿಲ್ಲ. ನಮಗೂ ಅವರಿಗೂ ಗೋಡೆ ಒಂದೇ. ಕಷ್ಟವಾದರೆ ಗೋಡೆಗೆ ತಟ್ಟಿ ಅಂತ ಮಾತಾಗಿತ್ತು. ತಟ್ಟಲಿಲ್ಲವಲ್ಲ, ಚೆನ್ನಾಗಿದ್ದಾರೆ ಅಂದುಕೊಂಡೆವು. ಬೆಳಿಗ್ಗೆ ಬಾಗಿಲು ಒಡೆದರೆ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದರು, ನಿದ್ದೆ ಬಂದ ಹಾಗೆ. ಒಬ್ಬರಿಗೂ ಗಾಯವಿರಲಿಲ್ಲ. ಅಕ್ಕ ಯಾರ ಆಲೂಗೆಡ್ಡೆ ಕದ್ದಿದ್ದಳೋ, ಅವರೇ.”

 ತೆರೆದ ಕಿಟಕಿಯ ಪರದೆ ಅಲುಗುತ್ತಿತ್ತು. ನನ್ನ ಒಗ್ಗರಣೆಯ ಬಗ್ಗೆ ನಾನು ಇಷ್ಟು ವರ್ಷ ಪಟ್ಟುಕೊಂಡ ಬೇಸರವನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ.

“ಮಾಮ್, ಇದನ್ನ ನನಗೆ ಯಾವತ್ತೂ ಹೇಳಿಲ್ಲ,” ಎಂದ ಮಗ.

“ನಿನಗೆ ತಮಾಷೆಯವು ಇಷ್ಟವಾಗುತ್ತಿದ್ದವು,” ಎಂದರು ಓಮಾ. “ಎಷ್ಟು ನಗುತ್ತಿದ್ದೆ.”

ಆಮೇಲೆ ಎದ್ದು ನಮ್ಮ ಮೇಜಿನ ಸುತ್ತ ಒಮ್ಮೆ ನೋಡಿದರು. ನನ್ನನ್ನು, ನಮ್ಮವರನ್ನು, ಮಗನನ್ನು. “ಸಾಕು. ಈಗ ಮುಚ್ಚಬಹುದು,” ಎಂದು ತಾವೇ ಹೋಗಿ ಎರಡೂ ಕಿಟಕಿ ಮುಚ್ಚಿ ಬಂದರು.

ಮಗ ಫೋನನ್ನು ಜೇಬಿಗೆ ಹಾಕಿಕೊಂಡ. ಅದು ಮತ್ತೆ ಹೊರಗೆ ಬರಲಿಲ್ಲ. ಊಟ ಮುಗಿಯುವ ಹೊತ್ತಿಗೆ ಅವನು ಕೇಳಿದ್ದು ಒಂದೇ ಮಾತು: “ಇಲ್ಲಿ ಕಿಟಕಿ ಒರೆಸಲು ಯಾರನ್ನಾದರೂ ಗೊತ್ತುಮಾಡಬಹುದೆ?”

“ಯಾರಾದ್ರೂ ಯಾಕೆ? ಇವರಿದ್ದಾರಲ್ಲ,” ಎಂದೆ ನಾನು. ನಮ್ಮವರು ಅನ್ನ ನುಂಗುವುದನ್ನು ಮರೆತು ನನ್ನನ್ನು ನೋಡಿದರು.

ಓಮಾ ನಮ್ಮವರನ್ನು ಮೇಲಿನಿಂದ ಕೆಳಗೆ ಅಳೆದರು. “ಇವನು ಸ್ಟೂಲು ಹಿಡಿದುಕೊಳ್ಳಲಿ.”

“ಮಾಮ್,” ಎಂದ ಮಗ.

“ಸರಿ. ಇವನೇ ಹತ್ತಲಿ. ನಾನು ಹೇಳಿಕೊಡುತ್ತೇನೆ.”

ಅವನು ಬೆಳಕಿರುವಾಗಲೇ ಒಬ್ಬನೇ ಹೊರಟ. ಅಂದು ಶಾರ್ಲೆಟ್‌ನಲ್ಲಿ ರಾತ್ರಿ ಉಳಿದು, ಮರುದಿನ ಜಾರ್ಜಿಯಾ. ಓಮಾ ಬಾಗಿಲಲ್ಲಿ ಅವನ ಕಾಲರ್ ಸರಿಮಾಡಿ, “ಬೆನ್ನು ನೆಟ್ಟಗೆ,” ಎಂದರು. ಅವನು ತಾಯಿಯನ್ನು ಅಪ್ಪಿಕೊಂಡು ಸ್ವಲ್ಪ ಹೆಚ್ಚೇ ಹೊತ್ತು ನಿಂತ. ನಾನು ಪಾತ್ರೆ ತೊಳೆಯುವ ನೆಪ ಮಾಡಿಕೊಂಡು ಒಳಗೆ ಬಂದೆ.

ಸಂಜೆ ಕಸದ ಡಬ್ಬಿ ಹೊರಗಿಡಲು ಹೋದಾಗ ಎದುರು ಮನೆಯ ಧಾರವಾಡದವರು ನಾಯಿಯ ಜೊತೆ ನಿಂತಿದ್ದರು. ಕಿವಿಯವರೆಗೆ ಮಫ್ಲರ್.

“ವೈನಿ, ಆ ಅಜ್ಜಿ ಮಗಾ ಎಂಥಾಂವ ಅದಾನ್ರಿ? ಇಂಥಾ ಚಳ್ಯಾಗ ಕಾರಿನ ನಾಕೂ ಗ್ಲಾಸ್ ಇಳಿಸ್ಕೊಂಡು ಹೋದಾ. ಜಾರ್ಜಿಯಾದಾಗ ಇದಕ್ಕ ಚಳಿ ಅನ್ನಂಗಿಲ್ಲೇನು?”